ಕಡಲ ತಳಕ್ಕೂ ಬಿಡುವು ಬೇಕು

ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಏರುವ ಲಕ್ಷಾಂತರ ಜನ ಬರಿಗಾಲಲ್ಲಿ ತುಳಿಯುವ ಕಲ್ಲು ಒಂದು ಕಾಲಕ್ಕೆ ಕಡಲಂಚಿನ ಉಸುಕಾಗಿತ್ತು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು ಅದು. ಈಗ ಜೋಳ, ಕಡಲೆ ಬೆಳೆಯುವ ಈ ಸೀಮೆಯನ್ನು ಆಗ ಆಳವಿಲ್ಲದೊಂದು ಸಮುದ್ರ ಮುಚ್ಚಿತ್ತು. ಆ ಉಸುಕು ಗಟ್ಟಿಯಾಗಿ ಆದ ಬೆಣಚುಕಲ್ಲಿಗೆ ಭೂವಿಜ್ಞಾನಿಗಳು ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ: ಸೌಂದತ್ತಿ ಕ್ವಾರ್ಟ್‌ಜೈಟ್. ಅದು ಸೇರಿಕೊಂಡ ಪದರಗಳ ಗುಂಪಿಗೆ ರಾಮದುರ್ಗದ ಹೆಸರು. ಅದೇ ಗುಂಪಿನ ಜೇಡಿಗಲ್ಲಿಗೆ ಬ್ರಿಟಿಷರ ಬಾಯಲ್ಲಿ ಮನೋಳಿಯಾದ ನಮ್ಮ ಮುನವಳ್ಳಿಯ ಹೆಸರು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಭೂರಚನೆಯ ಬಗ್ಗೆ ದೊಡ್ಡ ವರದಿ ಬರೆದು, ಇವೆಲ್ಲವನ್ನೂ ಕಲಾದಗಿ ಶಿಲೆಗಳೆಂದು ಕರೆದ. ಕಿತ್ತೂರು, ಬೈಲಹೊಂಗಲದ ಕಡೆ ಕಾಣುವ ಧಾರವಾಡ ಶಿಲೆಗಳು ಇವಕ್ಕಿಂತಲೂ ಬಹಳ ಹಿಂದಿನವು. ಕಡಲಿಗೂ ಈ ಊರುಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಕಾಲ ಕೆಳಗಿನ ಕಲ್ಲನ್ನು ತೋರಿಸಬಹುದು. ಕಡಲ ತಳ ಎಂದರೇನು, ಅದನ್ನು ಕಲಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ದಾಖಲೆ ಇರುವ ಜಾಗಗಳು ಕಡಿಮೆ.

ಆ ದಾಖಲೆ ಓದಲು ಕಷ್ಟವೇನಿಲ್ಲ. ಈ ಕಲ್ಲಿನ ಪದರಗಳ ಮೇಲೆ ಅಲ್ಲಲ್ಲಿ ಸಾಲುಸಾಲಾಗಿ ಏರಿಳಿತದ ಗೆರೆಗಳಿವೆ. ಇಳಿತದ ಹೊತ್ತಿನಲ್ಲಿ ಕಾರವಾರದ ದಂಡೆಯ ಉಸುಕಿನ ಮೇಲೆ ಅಲೆ ಬಿಟ್ಟುಹೋಗುವ ಗೆರೆಗಳ ಹಾಗೆಯೇ ಅವು. ಅಲೆಯ ಬಲ ಮೇಲ್ಮೈಯಲ್ಲೇ ಮುಗಿಯುವುದಿಲ್ಲ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳದವರೆಗೆ ಅದು ನೀರನ್ನು ಆಡಿಸುತ್ತದೆ. ಹೀಗಾಗಿ ಸಾಧಾರಣ ಗಾಳಿಗೆ ಏಳುವ ಸಣ್ಣ ಅಲೆ ದಂಡೆಯ ಉಸುಕನ್ನಷ್ಟೇ ಕೆದಕಿದರೆ, ನೂರು ಮೀಟರ್ ಉದ್ದದ ಬಿರುಗಾಳಿಯ ಅಲೆ ಐವತ್ತು ಮೀಟರ್ ಆಳದ ತಳವನ್ನೂ ಮುಟ್ಟುತ್ತದೆ. ನಮ್ಮ ಹಳೆಯ ಸಮುದ್ರದ ತಳವನ್ನು ಅಲೆಗಳಷ್ಟೇ ಅಲ್ಲದೆ ಭೂಕಂಪಗಳೂ ಅಲುಗಾಡಿಸಿವೆ. ಗಟ್ಟಿಯಾಗುವ ಮೊದಲೇ ನಡುಗಿ ಮಡಚಿಕೊಂಡ, ಸುರುಳಿಯಾದ, ಹರಿದ ಪದರಗಳನ್ನು ಶಿಲ್ಪಾ ಪಾಟೀಲ್ ಪಿಳ್ಳೈ ಮತ್ತು ವಿವೇಕ್ ಕಾಳೆ ಇದೇ ಕಲಾದಗಿ ಶಿಲೆಗಳ ಲೋಕಾಪುರ ಭಾಗದಲ್ಲಿ ಗುರುತಿಸಿ 2011ರಲ್ಲಿ ವರದಿ ಮಾಡಿದ್ದಾರೆ. ಅಂದರೆ ಸಮುದ್ರತಳ ಎಂದಾದರೂ ಅಲುಗದೆ ಮಲಗಿದ ನೆಲವಾಗಿತ್ತು ಎಂಬ ಕಲ್ಪನೆಯೇ ತಪ್ಪು. ಅಲುಗಾಟ ಅದರ ಹುಟ್ಟುಗುಣ.

ಹೀಗಿದ್ದೂ ಆ ಸಮುದ್ರ ಜೀವವೈವಿಧ್ಯದಲ್ಲಿ ಬಡವಾಗಿತ್ತು. ಮೀನಿಲ್ಲ, ಏಡಿಯಿಲ್ಲ, ಚಿಪ್ಪಿಲ್ಲ, ಹುಳುವೂ ಇಲ್ಲ. ರಾಮದುರ್ಗದಾಚೆ ಲೋಕಾಪುರದ ಸುಣ್ಣದ ಕಲ್ಲುಗಳಲ್ಲಿ ಪದರದ ಮೇಲೆ ಪದರ ಕಟ್ಟಿದ ಗುಮ್ಮಟದಂಥ ಆಕಾರಗಳು ಸಿಗುತ್ತವೆ. ಸ್ಟ್ರೊಮ್ಯಾಟೊಲೈಟ್ ಎಂದು ಅವುಗಳ ಹೆಸರು. ಪಾಚಿಯಂಥ ಸೂಕ್ಷ್ಮಜೀವಿಗಳು ಚಾಪೆ ಹಾಸಿದಂತೆ ಬೆಳೆದು ಬಿಟ್ಟುಹೋದ ಗುರುತು. ಆ ಕಾಲದ ಜೀವ ಎಂದರೆ ಬಹುಪಾಲು ಅದೇ. ಅಲೆಯ ಗೆರೆ ಇಷ್ಟು ಅಚ್ಚುಕಟ್ಟಾಗಿ ಕಲ್ಲಾಗಿ ಉಳಿಯಲು ಇದೂ ಒಂದು ಕಾರಣ: ತಳವನ್ನು ಒಳಗಿನಿಂದ ತೋಡುವ ಪ್ರಾಣಿ ಒಂದೂ ಇರಲಿಲ್ಲ. ಸುಮಾರು 54 ಕೋಟಿ ವರ್ಷಗಳ ಹಿಂದೆ ಹುಳುಗಳು ಕೆಸರಿನೊಳಗೆ ಬಿಲ ತೋಡಲು ಶುರು ಮಾಡಿದವು. ಬಿಲದ ಮೂಲಕ ಆಮ್ಲಜನಕ ಕೆಳಗಿಳಿಯಿತು, ಕೆಳಗೆ ಹೂತಿದ್ದ ಆಹಾರ ಮೇಲೆ ಬಂತು. ಒಂದೇ ಚಾಪೆಯಂತಿದ್ದ ತಳದಲ್ಲಿ ಮೃದು ಜಾಗ, ಗಟ್ಟಿ ಜಾಗ, ಆಳದ ಜಾಗ, ಮೇಲಿನ ಜಾಗ ಎಂದು ನೂರು ಬಗೆಯ ನೆಲೆಗಳಾದವು; ಒಂದೊಂದಕ್ಕೂ ಒಂದೊಂದು ಜೀವಿ ಒಗ್ಗಿಕೊಂಡಿತು. ಕಡಲ ತಳದ ಶ್ರೀಮಂತಿಕೆಗೆ ತಳ ಕಲಕುವ ಜೀವಿಗಳದೇ ದೊಡ್ಡ ಪಾಲು. ನಮ್ಮ ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಅಲ್ಲಿ ಸಾವಿರಾರು ಬಗೆಯ ಹುಳುಗಳು, ಸೀಗಡಿಗಳು, ಏಡಿಗಳು ಮಾಡುತ್ತಿವೆ.

ಕಲಕಾಟಕ್ಕೂ ವೈವಿಧ್ಯಕ್ಕೂ ಇರುವ ನಂಟನ್ನು ನೇರ ಪ್ರಯೋಗದಿಂದ ತೋರಿಸಿದವರೂ ಇದ್ದಾರೆ. ಅಮೆರಿಕದ ವೇನ್ ಸೂಸಾ ಕ್ಯಾಲಿಫೋರ್ನಿಯಾದ ದಂಡೆಯಲ್ಲಿ ಬಿದ್ದಿದ್ದ ಗುಂಡುಕಲ್ಲುಗಳನ್ನು ಗಮನಿಸಿ 1979ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಸಣ್ಣ ಕಲ್ಲನ್ನು ಅಲೆ ಮತ್ತೆಮತ್ತೆ ಮಗುಚುತ್ತಿತ್ತು. ಅದರ ಮೇಲೆ ಬೇಗ ಬೆಳೆಯುವ ಒಂದೆರಡು ಜೀವಿಗಳು ಮಾತ್ರ ಇದ್ದವು. ದೊಡ್ಡ ಬಂಡೆ ಅಲುಗುತ್ತಲೇ ಇರಲಿಲ್ಲ. ಅದನ್ನು ಒಂದೇ ಜಾತಿಯ ಕೆಂಪು ಪಾಚಿ ಆಕ್ರಮಿಸಿತ್ತು. ಹೆಚ್ಚು ಬಗೆಯ ಜೀವಿಗಳು ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಮಗುಚುವ ನಡುಗಾತ್ರದ ಕಲ್ಲುಗಳ ಮೇಲೆ. ಸಣ್ಣ ಕಲ್ಲುಗಳನ್ನೇ ಅಲುಗದಂತೆ ಬಿಗಿದಿಟ್ಟಾಗ ಅವೂ ದೊಡ್ಡ ಬಂಡೆಯ ದಾರಿಯನ್ನೇ ಹಿಡಿದವು. ಹಾಗಾಗಿ ವ್ಯತ್ಯಾಸ ಕಲ್ಲಿನ ಗಾತ್ರದ್ದಲ್ಲ, ಎರಡು ಮಗುಚುವಿಕೆಗಳ ನಡುವೆ ಸಿಗುವ ಬಿಡುವಿನದು ಎಂಬುದು ಖಚಿತವಾಯಿತು. ಅದಕ್ಕೂ ಒಂದು ವರ್ಷ ಮೊದಲು, 1978ರಲ್ಲಿ, ಜೋಸೆಫ್ ಕಾನೆಲ್ ಆಸ್ಟ್ರೇಲಿಯಾದ ಹೆರಾನ್ ದ್ವೀಪದ ಹವಳದ ದಿಬ್ಬಗಳನ್ನು ಮುಂದಿಟ್ಟುಕೊಂಡು ಇದೇ ಬಗೆಯ ವಾದ ಮಂಡಿಸಿದ್ದರು. ಚಂಡಮಾರುತವೇ ತಾಗದ ಕಡೆ ಗಟ್ಟಿಗ ಜಾತಿಗಳು ಉಳಿದವನ್ನು ಹೊಸಕಿಹಾಕುತ್ತವೆ. ಅತಿಯಾಗಿ ತಾಗಿದ ಕಡೆ ಏನೂ ಉಳಿಯುವುದಿಲ್ಲ. ವೈವಿಧ್ಯ ಇರುವುದು ನಡುವೆ ಎಂಬುದು ಅವರ ವಾದ.

ಈ ಸಿದ್ಧಾಂತವನ್ನು ಈಗ ವಿಜ್ಞಾನಿಗಳೇ ಪ್ರಶ್ನಿಸುತ್ತಿದ್ದಾರೆ ಎಂಬ ಆಕ್ಷೇಪ ಸರಿಯಾದುದೇ. 2013ರಲ್ಲಿ ಜೆರೆಮಿ ಫಾಕ್ಸ್ ಅದನ್ನು ಕೈಬಿಡಬೇಕೆಂದೇ ಬರೆದರು. ಎಲ್ಲ ಕಡೆಯೂ ನಡುಮಟ್ಟದ ಕಲಕಾಟದಲ್ಲೇ ವೈವಿಧ್ಯ ಹೆಚ್ಚು ಎಂಬ ಗುಡ್ಡದಾಕಾರದ ರೇಖೆ ಬಹಳಷ್ಟು ಅಧ್ಯಯನಗಳಲ್ಲಿ ಕಾಣುವುದಿಲ್ಲ. ಆದರೆ ನನ್ನ ವಾದಕ್ಕೆ ಆ ರೇಖೆ ಬೇಕಾಗಿಲ್ಲ. ಪೆಟ್ಟು ಬಿದ್ದ ಮೇಲೆ ಚೇತರಿಸಿಕೊಳ್ಳುವ ಶಕ್ತಿ ಮತ್ತು ಸಮಯ ತಳಕ್ಕೆ ಉಳಿದಿದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಇದಕ್ಕೆ ಜಮೈಕಾದ ಕಥೆಗಿಂತ ಸ್ಪಷ್ಟ ಉದಾಹರಣೆ ಇಲ್ಲ. 1980ರಲ್ಲಿ ಅಲೆನ್ ಎಂಬ ಚಂಡಮಾರುತ ಅಲ್ಲಿನ ಹವಳದ ದಿಬ್ಬಗಳನ್ನು ಮುರಿದುಹಾಕಿತು. ಅಂಥ ಪೆಟ್ಟುಗಳನ್ನು ಆ ದಿಬ್ಬಗಳು ಸಾವಿರಾರು ವರ್ಷ ತಿಂದಿದ್ದವು, ಪ್ರತಿ ಸಲವೂ ಎದ್ದಿದ್ದವು. ಈ ಸಲ ಏಳಲಿಲ್ಲ. ಪಾಚಿ ಮೇಯುವ ಮೀನುಗಳನ್ನು ಜನ ಅದಾಗಲೇ ಹಿಡಿದು ಬರಿದು ಮಾಡಿದ್ದರು. ಪಾಚಿಯನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ಕಪ್ಪು ಮುಳ್ಳಿನ ಕಡಲ ಚೆಂಡುಗಳು (ಸೀ ಅರ್ಚಿನ್) 1983ರಲ್ಲಿ ರೋಗ ಬಂದು ಸತ್ತವು. ಮುರಿದ ಹವಳದ ಮೇಲೆ ಪಾಚಿ ಕವಿಯಿತು. 1970ರ ದಶಕದ ಕೊನೆಯಲ್ಲಿ ತಳದ ಅರ್ಧಕ್ಕಿಂತ ಹೆಚ್ಚನ್ನು ಹೊದ್ದಿದ್ದ ಜೀವಂತ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿದಿತ್ತು ಎಂದು ಟೆರಿ ಹ್ಯೂಸ್ 1994ರಲ್ಲಿ ದಾಖಲಿಸಿದರು. ಕೆಡವಿದ್ದು ಬಿರುಗಾಳಿ. ಏಳದಂತೆ ಮಾಡಿದ್ದರಲ್ಲಿ ಮನುಷ್ಯನ ಕೈ ದೊಡ್ಡದು.

ಇನ್ನು ನಮ್ಮ ಕರಾವಳಿಗೆ ಬರೋಣ. ಕಾರವಾರದಿಂದ ಮಂಗಳೂರಿನವರೆಗಿನ ಸುಮಾರು 320 ಕಿಲೋಮೀಟರ್ ಕಡಲಿಗೆ ಪ್ರತಿ ವರ್ಷ ತಪ್ಪದೆ ಬರುವ ಬಿರುಗಾಳಿ ಎಂದರೆ ಮುಂಗಾರು. ಜೂನ್ ತಿಂಗಳಲ್ಲಿ ಏಳುವ ಅಲೆಗಳು ದಂಡೆಯ ಹತ್ತಿರದ ಕೆಸರನ್ನೆಲ್ಲ ಎಬ್ಬಿಸುತ್ತವೆ. ಅದೇ ಹೊತ್ತಿಗೆ ಆಳದ ತಣ್ಣೀರು ದಂಡೆಯತ್ತ ಮೇಲೇರಿ ಬರುತ್ತದೆ. ಅದರಲ್ಲಿ ಪೋಷಕಾಂಶ ತುಂಬಿರುತ್ತದೆ, ಅದರಿಂದ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ; ಬೂತಾಯಿ, ಬಂಗಡೆಗಳ ಸುಗ್ಗಿಗೆ ಮೂಲ ಇದು. ಬೈಲಹೊಂಗಲದ ಸಂತೆಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಬಂಗಡೆಯ ಹಿಂದೆಯೂ ಮುಂಗಾರಿನ ಈ ಕಲಕಾಟವಿದೆ. ಆದರೆ ಆ ಆಳದ ನೀರು ಇನ್ನೊಂದನ್ನೂ ತರುತ್ತದೆ. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಇದ್ದಬದ್ದ ಆಮ್ಲಜನಕವೂ ಖರ್ಚಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ವಾಜಿ ಎ. ನಖ್ವಿ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಇದನ್ನು ವಿವರವಾಗಿ ಜಗತ್ತಿನ ಮುಂದಿಟ್ಟರು. ಭಾರತದ ಪಶ್ಚಿಮ ಕರಾವಳಿಯ ತಳದ ನೀರು ಪ್ರತಿ ವರ್ಷ ಉಸಿರುಗಟ್ಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅದು ತೀವ್ರ ಸ್ಥಿತಿಗೆ ಹೋಗಿ, ಪ್ರವಾಹದ ದಿಕ್ಕು ಬದಲಾದ ಮೇಲೆ, ನವೆಂಬರ್‌ನಿಂದ ಸುಧಾರಿಸುತ್ತದೆ. ತಳದ ಜೀವಿಗಳು ಒಂದು ಪೆಟ್ಟು ಅಲೆಯಿಂದ, ಇನ್ನೊಂದು ಪೆಟ್ಟು ಉಸಿರಿಲ್ಲದ ನೀರಿನಿಂದ ತಿಂದು, ಚಳಿಗಾಲ, ಬೇಸಿಗೆಯಲ್ಲಿ ಮತ್ತೆ ಕುಡಿಯೊಡೆಯಬೇಕು. ಈ ಲಯಕ್ಕೆ ಅವು ಒಗ್ಗಿಕೊಂಡಿವೆ.

ಈ ಲಯದೊಳಕ್ಕೆ ಅರ್ಧ ಶತಮಾನಕ್ಕೂ ಹಿಂದೆ ಟ್ರಾಲ್ ಬಲೆ ಬಂತು. ಬಾಯಿ ಅಗಲಿಸಲು ಎರಡು ಕಡೆ ಭಾರವಾದ ಹಲಗೆ, ಕೆಳಗೆ ತೂಕ ಕಟ್ಟಿದ ಹಗ್ಗ, ಹಿಂದೆ ಚೀಲದಂಥ ಬಲೆ. ದೋಣಿ ಅದನ್ನು ಗಂಟೆಗಟ್ಟಲೆ ತಳಕ್ಕೆ ತಾಗಿಸಿ ಎಳೆಯುತ್ತದೆ. ಇದರ ಮೇಲಿನ ದೂರೂ ಹೊಸತಲ್ಲ. ತಳ ಗುಡಿಸುವ ಬಲೆಯನ್ನು ನಿಷೇಧಿಸಿ ಎಂದು ಇಂಗ್ಲೆಂಡಿನ ಪಾರ್ಲಿಮೆಂಟಿಗೆ 1376ರಷ್ಟು ಹಿಂದೆಯೇ ಅರ್ಜಿ ಹೋಗಿತ್ತು. ಟ್ರಾಲ್ ಬಲೆಯನ್ನು ಸಮರ್ಥಿಸುವವರು ಬಹಳ ಕಾಲದಿಂದ ಕೊಡುವ ಹೋಲಿಕೆ ನೇಗಿಲಿನದು: ನೆಲ ಉತ್ತರೆ ಬೆಳೆ ಬರುವಂತೆ, ಕಡಲ ತಳ ಉತ್ತರೆ ಮೀನು ಬರುತ್ತದೆ ಎಂದು. ಈ ಮಾತನ್ನು ನಮ್ಮ ಭಾಗದ ರೈತನ ಮುಂದೆ ಇಟ್ಟು ನೋಡಬೇಕು. ರಂಟೆ ಹೊಡೆಯಲು ಅವನಿಗೊಂದು ಹದವಿದೆ. ಹರಗಿದ ಮೇಲೆ ಬಿತ್ತುತ್ತಾನೆ. ಬಿತ್ತಿದ ಮೇಲೆ ಕುಂಟೆಯ ಬದಲು ಎಡೆಕುಂಟೆ ಹಿಡಿಯುತ್ತಾನೆ, ಅದೂ ಸಾಲಿನ ನಡುವೆ. ನಿಂತ ಬೆಳೆಯ ಮೇಲೆ ಯಾವ ರೈತನೂ ರಂಟೆ ಹೊಡೆಯುವುದಿಲ್ಲ, ಒಂದೇ ಹೊಲವನ್ನು ತಿಂಗಳಿಗೆರಡು ಸಲ ಉಳುವುದಿಲ್ಲ. ಬೇಸಿಗೆಯಲ್ಲಿ ಎರಿಭೂಮಿ ತಾನೇ ಬಿರಿದು ತನ್ನನ್ನೇ ಉತ್ತುಕೊಳ್ಳುತ್ತದೆಂದು ಬಲ್ಲ ಜನ ನಾವು. ಟ್ರಾಲ್ ಬಲೆ ಉಳುತ್ತದೆ, ಬಿತ್ತುವುದಿಲ್ಲ. ಮತ್ತು ಅದು ಉಳುವುದು ನಿಂತ ಬೆಳೆಯನ್ನು.

ಇದನ್ನು ಅಳೆದಿದ್ದಾರೆ. ಯಾನ್ ಗೇರ್ಟ್ ಹಿಡ್ಡಿಂಕ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸಾಮಾನ್ಯ ಹಲಗೆ ಬಲೆ ಒಮ್ಮೆ ಹಾದುಹೋದರೆ ಸರಾಸರಿ 2.4 ಸೆಂಟಿಮೀಟರ್ ಆಳಕ್ಕಿಳಿದು ತಳದ ಜೀವಿಗಳಲ್ಲಿ ಶೇ 6ರಷ್ಟನ್ನು ಇಲ್ಲವಾಗಿಸುತ್ತದೆ. ಟ್ರಾಲಿಂಗ್ ನಿಂತ ಮೇಲೆ ತಳ ಚೇತರಿಸಿಕೊಳ್ಳಲು ಸುಮಾರು ಎರಡರಿಂದ ಆರು ವರ್ಷ ಬೇಕು. ಶೇ 6 ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಒಂದೇ ಜಾಗದ ಮೇಲೆ ಬಿಡುವಿಲ್ಲದೆ ಹನ್ನೆರಡು ಸಲ ಬಲೆ ಎಳೆದರೆ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಮೊದಲು ಹೋಗುವುದು ನಿಧಾನವಾಗಿ ಬೆಳೆಯುವ, ಬಹುಕಾಲ ಬದುಕುವ ಜೀವಿಗಳು: ಸ್ಪಂಜು, ಕಡಲ ಬೀಸಣಿಗೆ, ದೊಡ್ಡ ಚಿಪ್ಪುಗಳು. ಮರಿಮೀನಿಗೆ ಮರೆ ಕೊಡುವವೂ ಅವೇ. ಉಳಿಯುವುದು ತಿಂಗಳೊಪ್ಪತ್ತಿನಲ್ಲಿ ಹುಟ್ಟಿ ಸಾಯುವ ಸಣ್ಣ ಹುಳುಗಳು. ಸೂಸಾ ಅವರ ಸಣ್ಣ ಕಲ್ಲಿನ ಸ್ಥಿತಿ ಇದು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಸುಲಭವಾಗಿ ತಳ್ಳಿಹಾಕಬಾರದು. ಉತ್ತರ ಸಮುದ್ರದಂಥ ಕಡೆ ನಡೆದ ಸಂಶೋಧನೆಗಳು, ಅಲೆ ಮತ್ತು ಪ್ರವಾಹ ಸದಾ ಕೆದಕುವ ಆಳವಿಲ್ಲದ ಉಸುಕಿನ ತಳದಲ್ಲಿ ಟ್ರಾಲ್ ಬಲೆಯ ಹೆಚ್ಚುವರಿ ಪೆಟ್ಟು ಅಷ್ಟಾಗಿ ಕಾಣುವುದಿಲ್ಲ ಎಂದು ತೋರಿಸಿವೆ. ಹಾಗಾದರೆ ಮುಂಗಾರು ಇಷ್ಟು ಅಲುಗಾಡಿಸುವ ನಮ್ಮ ತಳಕ್ಕೆ ಬಲೆಯೇನು ಮಹಾ ಎಂದು ಕೇಳಬಹುದು. ದಂಡೆಯ ಹತ್ತಿರದ ಉಸುಕಿನ ಪಟ್ಟಿಗೆ ಈ ಮಾತು ಸ್ವಲ್ಪಮಟ್ಟಿಗೆ ನಿಜ. ಆದರೆ ಮಂಗಳೂರು, ಮಲ್ಪೆಯ ದೊಡ್ಡ ಬೋಟುಗಳು ಈಗ ಹತ್ತಾರು ದಿನ ಕಡಲಲ್ಲೇ ಇದ್ದು, ನೂರು ಮೀಟರ್ ಆಳವನ್ನೂ ದಾಟಿ ಬಲೆ ಎಳೆಯುತ್ತಿವೆ. ಮುಂಗಾರಿನ ಅಲೆಯ ಕೈ ತಲುಪದ ತಳ ಅದು. ಅಲ್ಲಿನ ಜೀವಿಗಳಿಗೆ ಇಂಥ ಪೆಟ್ಟಿನ ಅಭ್ಯಾಸವೇ ಇಲ್ಲ. ಅದಲ್ಲದೆ ಬಿರುಗಾಳಿ ಕಲಕಿದ್ದನ್ನು ಅಲ್ಲೇ ಬಿಟ್ಟುಹೋಗುತ್ತದೆ. ಸತ್ತದ್ದು ಇನ್ನೊಂದಕ್ಕೆ ಆಹಾರವಾಗುತ್ತದೆ. ಬಲೆ ಎತ್ತಿಕೊಂಡು ಹೋಗುತ್ತದೆ. ಬಲೆಗೆ ಬಿದ್ದು ಮಾರಾಟಕ್ಕೆ ಬಾರದ ಮರಿಮೀನು, ಏಡಿ, ಚಿಪ್ಪುಗಳ ರಾಶಿ ಕರಾವಳಿಯ ಮೀನುಹುಡಿ ಕಾರ್ಖಾನೆಗಳಿಗೆ ಹೋಗುತ್ತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದು ಮರಿ ಬಂಗಡೆ ಹುಡಿಯಾದರೆ ಮುಂದಿನ ವರ್ಷದ ಒಂದು ಬಂಗಡೆ ಇಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಕರ್ನಾಟಕ 1986ರಲ್ಲೇ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ತಂದಿದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ 2015ರಿಂದ ಜಾರಿಯಲ್ಲಿದೆ. ಇದರಿಂದ ಮೊಟ್ಟೆ ಇಡುವ ಮೀನಿಗೆ ಉಪಕಾರವಾಗಿದೆ, ಮೀನುಗಾರರ ಜೀವವೂ ಉಳಿದಿದೆ. ಆದರೆ ಆಗಸ್ಟ್ 1ರಂದು ಬೋಟುಗಳು ಒಮ್ಮೆಲೇ ಇಳಿಯುವಾಗ ತಳದ ಸ್ಥಿತಿ ಹೇಗಿರುತ್ತದೆ? ಅಲೆ ಇನ್ನೂ ಪೂರ್ತಿ ತಗ್ಗಿಲ್ಲ; ಉಸಿರುಗಟ್ಟುವ ನೀರು ಏರುತ್ತಲೇ ಇದೆ. ಆ ನೀರಿನಿಂದ ತಪ್ಪಿಸಿಕೊಳ್ಳಬಲ್ಲ ಮೀನು, ಸೀಗಡಿಗಳು ಆಮ್ಲಜನಕ ಉಳಿದ ಅಂಚುಗಳಿಗೆ ಗುಂಪುಗೂಡಿರುತ್ತವೆ. ಓಡಲಾರದವು ತಳದಲ್ಲೇ ಇರುತ್ತವೆ. ತಳ ಬಳಲುತ್ತಿರುವ ಹೊತ್ತಿನಲ್ಲೇ ಅದರ ಮೇಲೆ ಹಂಗಾಮಿನ ಮೊದಲ ಬಲೆ ಬೀಳುತ್ತದೆ. ನಮ್ಮ ನಿಷೇಧದ ದಿನಗಳನ್ನು ಮೀನು ಮತ್ತು ದೋಣಿಯನ್ನು ನೋಡಿ ಗೊತ್ತುಮಾಡಲಾಗಿದೆ. ತಳವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹಾಗೆಂದು ನಿಷೇಧವನ್ನು ನವೆಂಬರ್‌ವರೆಗೆ ಎಳೆದರೆ ಬೋಟಿನಲ್ಲಿ ದುಡಿಯುವವರ ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿಲ್ಲದ ಯಾವ ಸಂರಕ್ಷಣೆಯೂ ನಿಲ್ಲುವುದಿಲ್ಲ. ಹಾಗಾಗಿ ದಿನ ಹೆಚ್ಚಿಸುವುದಕ್ಕಿಂತ ಜಾಗ ಬಿಡುವುದು ಮೇಲು. ಕಡಲನ್ನು ಪಾಲು ಮಾಡಿ, ಒಂದೊಂದು ಪಾಲನ್ನು ಕೆಲವು ವರ್ಷ ತಳದ ಬಲೆಗೆ ಮುಚ್ಚಿಡುವುದು. ನೇತ್ರಾಣಿಯಂಥ ಹವಳದ ದ್ವೀಪದ ಸುತ್ತಲಿನದನ್ನು ಎಂದೆಂದಿಗೂ ಮುಚ್ಚಿಡುವುದು. ಹೊಲವನ್ನು ಸರದಿಯ ಮೇಲೆ ಬೀಳು ಬಿಡುವ ಪದ್ಧತಿಯೇ ಇದು. ನಾಡದೋಣಿಯವರ ಬಲೆಗೆ ಅಡ್ಡಿಯಿಲ್ಲ, ಏಕೆಂದರೆ ಅವರ ಬಲೆ ತಳ ಉಳುವುದಿಲ್ಲ.

ಇದಕ್ಕೆ ಈಗ ಇನ್ನೂ ಒಂದು ಅವಸರ ಸೇರಿದೆ. ಅರಬ್ಬಿ ಸಮುದ್ರ ಮೊದಲು ಚಂಡಮಾರುತ ಕಡಿಮೆ ಇದ್ದ ಕಡಲು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದಂತೆ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅಲ್ಲಿ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ. ಅದೇ ವರ್ಷ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಬಡಿಯಿತು. ಬಿರುಗಾಳಿಯೇ ಹೆಚ್ಚುತ್ತಿರುವಾಗ ಬಲೆ ತಡೆದು ಏನು ಫಲ ಎನ್ನುವವರಿದ್ದಾರೆ. ಜಮೈಕಾ ಕಲಿಸಿದ್ದು ಇದಕ್ಕೆ ತದ್ವಿರುದ್ಧ. ಬಿರುಗಾಳಿ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲಿದೆ. ಒಂದು ಪೆಟ್ಟು ಹೆಚ್ಚಾದಾಗ ಇನ್ನೊಂದನ್ನು ಕಡಿಮೆ ಮಾಡದೆ ದಾರಿಯಿಲ್ಲ.

ಮಲಪ್ರಭೆಯ ದಂಡೆಯ ಓದುಗರಿಗೆ ಇದು ದೂರದ ಮಾತಲ್ಲ. ನವಿಲುತೀರ್ಥದಲ್ಲಿ ಹೊಳೆ ಸೀಳಿಕೊಂಡು ಹರಿದದ್ದು ಆ ಪುರಾತನ ಕಡಲ ಕಲ್ಲನ್ನೇ. ಅದೇ ಕಂದರಕ್ಕೆ ಅಡ್ಡ ಕಟ್ಟಿದ ಅಣೆಕಟ್ಟಿನ ಹಿಂದೆ 37.73 ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರವಿದೆ. ನೀರಿನ ಜೊತೆ ಹೂಳೂ ಅಲ್ಲೇ ನಿಲ್ಲುತ್ತದೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗಬೇಕಾದ ಮಣ್ಣು ಹೀಗೆ ಅಣೆಕಟ್ಟಿನಿಂದ ಅಣೆಕಟ್ಟಿಗೆ ತಡೆದು ನಿಂತು, ಕೃಷ್ಣೆಯ ಮುಖಜ ಭೂಮಿಯನ್ನು ಕಡಲು ತಿನ್ನುತ್ತಿದೆ. 1977ರ ನವೆಂಬರಿನ ಚಂಡಮಾರುತ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ದಿವಿಸೀಮೆ ಇರುವುದು ಅಲ್ಲೇ. ಇತ್ತ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಎರಡು ಅತಿರೇಕಗಳನ್ನು ಒಟ್ಟಿಗೆ ಕಾಣುತ್ತೇವೆ. ಎಷ್ಟೋ ವರ್ಷ ಹೊಳೆಗೆ ತಳ ತೊಳೆಯುವ ನೆರೆಯೇ ಬರುವುದಿಲ್ಲ. ಬಂದರೆ 2019ರ ಆಗಸ್ಟಿನಲ್ಲಿ ಬಂದಂತೆ ಮುನವಳ್ಳಿ, ರಾಮದುರ್ಗಗಳನ್ನು ಮುಳುಗಿಸುವಂತೆ ಬರುತ್ತದೆ. ನಡುವಿನ ವರ್ಷಗಳಲ್ಲಿ ಉಸುಕು ತೋಡುವ ಯಂತ್ರಗಳು ಹೊಳೆಯ ತಳಕ್ಕೆ ಬಿಡುವು ಕೊಡುವುದಿಲ್ಲ. ಎಷ್ಟು ಉಸುಕು ಮತ್ತೆ ತುಂಬಿಕೊಂಡಿದೆ ಎಂದು ಅಳೆದ ಮೇಲೆಯೇ ತೆಗೆಯಲು ಅನುಮತಿ ಕೊಡಬೇಕು ಎಂದು ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ತಳದ ಬಿಡುವನ್ನು ಲೆಕ್ಕಕ್ಕೆ ಹಿಡಿದ ಒಳ್ಳೆಯ ನಿಯಮ ಅದು. ಹೊಳೆಗೆ ಒಪ್ಪಿಕೊಂಡ ಈ ತತ್ವವನ್ನು ಕಡಲಿಗೂ ಒಪ್ಪಿಕೊಳ್ಳಲು ರಾಜ್ಯದ ಮೀನುಗಾರಿಕೆ ಇಲಾಖೆಗೆ ಅಡ್ಡಿಯೇನೂ ಇರಬಾರದು. ಕರಾವಳಿಯ ಒಂದೊಂದು ಬಂದರಿನೆದುರೂ ಒಂದೊಂದು ತುಂಡು ತಳವನ್ನು ಗುರುತಿಸಿ, ಅಲ್ಲಿ ಆರು ವರ್ಷ ಟ್ರಾಲ್ ಬಲೆ ಇಳಿಸದೆ, ಅಲ್ಲಿ ಬೆಳೆಯುವುದನ್ನು ಮೀನುಗಾರರ ಕಣ್ಣೆದುರೇ ಎಣಿಸಲಿ. ಈ ಕೆಲಸವನ್ನು ಬರುವ ಆಗಸ್ಟ್ 1ಕ್ಕೆ ಮೊದಲೇ ಶುರು ಮಾಡಬೇಕು.